ಸರ್ಕಾರದ ಸಹಾಯಧನವೂ ಪಹಣಿಯಲ್ಲಿರುವ ಹೆಸರೂ

(ಚಾಮರಾಜನಗರ ಮತ್ತು ಗುಂಡ್ಲುಪೇಟೆ ತಾಲ್ಲೂಕುಗಳ ಹಿಡುವಳಿದಾರರಿಗೂ ಗ್ರಾಮದ ಯಜಮಾನರಿಗೂ ಹೇಳಿದ ಉಪನ್ಯಾಸ)



ಬೇಸಾಯಗಾರನಿಗೆ ಸರ್ಕಾರದವರು ಹಣ ಕೊಡುವ ಪದ್ಧತಿಯು ಈ ಸೀಮೆಗೆ ಹೊಸದಲ್ಲ. ತಕ್ಕಾವಿ ಎಂಬ ಮಾತನ್ನು ಕೇಳದಿರುವ ಹಿರಿಯರು ಈ ಎರಡು ತಾಲ್ಲೂಕುಗಳಲ್ಲಿ ವಿರಳ. ಟಿಪ್ಪು ಸುಲ್ತಾನನ ಕಂದಾಯದ ಕಟ್ಟಳೆಗಳಲ್ಲಿಯೇ ಬಡ ಒಕ್ಕಲುಗಳಿಗೆ ನೇಗಿಲು ಹೂಡುವುದಕ್ಕಾಗಿ ತಕ್ಕಾವಿ ಕೊಡತಕ್ಕದ್ದೆಂಬ ವಿಧಿಯಿದ್ದಿತು. ಮೈಸೂರು ಸಂಸ್ಥಾನದಲ್ಲಿ 1890ನೆಯ ಇಸವಿಯಲ್ಲಿ ಜಮೀನು ಸುಧಾರಣೆಯ ಸಾಲದ ಕಾಯಿದೆಯೂ, 1905ರಲ್ಲಿ ಸಹಕಾರ ಸಂಘಗಳ ಕಾಯಿದೆಯೂ ಜಾರಿಗೆ ಬಂದವು. 1913ರಲ್ಲಿ ಡಾಕ್ಟರ್ ಲೆಸ್ಲಿ ಕೋಲ್ಮನ್ ಸಾಹೇಬರ ಆಡಳಿತದಲ್ಲಿ ವ್ಯವಸಾಯದ ಇಲಾಖೆಯು ಪ್ರತ್ಯೇಕವಾಗಿ ಏರ್ಪಟ್ಟಿತು. ಬಾವಿ ತೋಡಿಸುವುದಕ್ಕೂ ಬದು ಹಾಕಿಸುವುದಕ್ಕೂ ರೈತನು ಅಮಲ್ದಾರರ ಕಚೇರಿಯಲ್ಲಿ ಅರ್ಜಿ ಕೊಟ್ಟು ಹಣ ಪಡೆಯುತ್ತಿದ್ದನು.

ಆದರೆ ತಕ್ಕಾವಿಯೆಂಬುದು ಸಾಲ. ಬಡ್ಡಿಯೊಡನೆ ತೀರಿಸಬೇಕು, ತೀರಿಸದಿದ್ದರೆ ಕಂದಾಯದ ಬಾಕಿಯಂತೆ ವಸೂಲಾಗುತ್ತಿತ್ತು. ಆದುದರಿಂದ ಹಣ ಕೊಡುವವರಿಗೆ ಪಡೆಯುವವನ ಗುರುತು ಚೆನ್ನಾಗಿ ಇರಬೇಕಾಗಿತ್ತು. ಜಮೀನು ಯಾರದು, ಉಳುವವನು ಯಾರು, ಮನೆಯಲ್ಲಿ ಎಷ್ಟು ಜನ, ಹಿರಿಯಣ್ಣ ಬೇರೆಯಾದನೇ ಇಲ್ಲವೇ ಎಂಬುದನ್ನೆಲ್ಲ ಶ್ಯಾನುಭೋಗರು ಪುಸ್ತಕ ನೋಡದೆಯೇ ಹೇಳುತ್ತಿದ್ದರು. ಪಟೇಲರು ಅದಕ್ಕೆ ಸಾಕ್ಷಿ. ಈ ವಂಶಪಾರಂಪರ್ಯದ ಹುದ್ದೆಗಳು 1961ರ ಕಾಯಿದೆಯಿಂದ ರದ್ದಾದವು. ಅದರಲ್ಲಿ ಒಳ್ಳೆಯದೂ ಉಂಟು. ಶ್ಯಾನುಭೋಗರ ಲೇಖನಿಯಿಂದ ನೊಂದ ಮನೆಗಳೂ ಈ ಸೀಮೆಯಲ್ಲಿ ಕಡಮೆಯಲ್ಲ. ಆದರೆ ಮನುಷ್ಯನ ನೆನಪಿನಲ್ಲಿದ್ದ ಊರಿನ ಸಂಗತಿಯು ಅಲ್ಲಿಂದ ಮುಂದೆ ಕಾಗದಕ್ಕೂ, ಸುಮಾರು 2000ನೆಯ ಇಸವಿಯಿಂದ ಭೂಮಿ ಯೋಜನೆಯ ಗಣಕಯಂತ್ರಕ್ಕೂ ಸೇರಿತು. ಕಾಗದಕ್ಕೆ ತಾನಾಗಿ ಯಾವುದೂ ತಿಳಿಯದು. ಬರೆದುದನ್ನು ಮಾತ್ರ ಅದು ಬಲ್ಲುದು. ಸತ್ತವನು ಸತ್ತನೆಂದು ಯಾರೂ ಬರೆಯಿಸದಿದ್ದರೆ ಅದರ ಪಾಲಿಗೆ ಅವನು ಬದುಕಿಯೇ ಇರುತ್ತಾನೆ.

ಈ ಉಪನ್ಯಾಸದ ವಿಷಯವು ಮುಖ್ಯವಾಗಿ ಇದೇ.

ಈಚಿನ ಸಹಾಯಧನವು ಸಾಲವಲ್ಲ. ಅದು ಅಮಲ್ದಾರರ ಕೈಯಿಂದಲೂ ಬರುವುದಿಲ್ಲ. ನೇರವಾಗಿ ರೈತನ ಬ್ಯಾಂಕಿನ ಲೆಕ್ಕಕ್ಕೆ ಬೀಳುತ್ತದೆ. ಇವುಗಳಲ್ಲಿ ಎಲ್ಲರಿಗೂ ತಿಳಿದಿರುವುದು ಕೇಂದ್ರ ಸರ್ಕಾರದ ಕಿಸಾನ್ ಸಮ್ಮಾನ್ ಹಣ. 2019ನೆಯ ಫೆಬ್ರವರಿಯಲ್ಲಿ ಆರಂಭವಾದ ಈ ಯೋಜನೆಯಂತೆ ಒಂದು ಕುಟುಂಬಕ್ಕೆ ವರ್ಷಕ್ಕೆ 6,000 ರೂಪಾಯಿ, ಅದೂ ನಾಲ್ಕು ತಿಂಗಳಿಗೊಮ್ಮೆ 2,000ದಂತೆ ಮೂರು ಕಂತುಗಳಲ್ಲಿ. ಮೊದಲು ಎರಡು ಹೆಕ್ಟೇರಿನವರೆಗಿನ ಹಿಡುವಳಿದಾರರಿಗೆ ಮಾತ್ರ ಇದ್ದ ಇದನ್ನು ಅದೇ ವರ್ಷದಲ್ಲಿಯೇ ಎಲ್ಲ ಹಿಡುವಳಿದಾರರಿಗೂ ವಿಸ್ತರಿಸಲಾಯಿತು. ಆದಾಯ ತೆರಿಗೆ ಕಟ್ಟುವವರೂ, ಕೆಳದರ್ಜೆಯ ನೌಕರರನ್ನು ಬಿಟ್ಟು ಉಳಿದ ಸರ್ಕಾರಿ ನೌಕರರೂ ಇದಕ್ಕೆ ಅರ್ಹರಲ್ಲ. ಕುಟುಂಬವೆಂದರೆ ಗಂಡ, ಹೆಂಡತಿ, ವಯಸ್ಸಿಗೆ ಬಾರದ ಮಕ್ಕಳು. ಅಣ್ಣತಮ್ಮಂದಿರು ಒಂದೇ ಮನೆಯಲ್ಲಿ ಉಣ್ಣುತ್ತಿದ್ದರೂ ಲೆಕ್ಕಕ್ಕೆ ಬೇರೆ ಬೇರೆ ಕುಟುಂಬಗಳೇ. ಕರ್ನಾಟಕ ಸರ್ಕಾರದವರು 2019ರಲ್ಲಿ ಇದಕ್ಕೆ ವರ್ಷಕ್ಕೆ 4,000 ರೂಪಾಯಿಗಳನ್ನು ಸೇರಿಸಿದ್ದರು. 2023ರ ನಂತರ ಅದು ನಿಂತಿತು.

ವರ್ಷಕ್ಕೆ 6,000 ಎಂದರೆ ದಿನಕ್ಕೆ 16 ರೂಪಾಯಿ. ಇದರಿಂದ ಬೇಸಾಯ ನಡೆಯುತ್ತದೆಂದು ಯಾರೂ ಹೇಳಲಾರರು. ಅರಿಸಿನಕ್ಕೂ ಸೂರ್ಯಕಾಂತಿಗೂ ತಕ್ಕ ಬೆಲೆ ಸಿಕ್ಕಿದರೆ ಈ ಹಣವೇ ಬೇಡವೆಂದು ರೈತ ಸಂಘದವರು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ, ಆ ಮಾತಿನಲ್ಲಿ ನ್ಯಾಯವಿದೆ. ಆದರೂ ಭರಣಿ ಮಳೆಗೆ ಮುಂಚೆ ಬಿತ್ತನೆಯ ಬೀಜ ತರುವುದಕ್ಕೆ ಕೈಯಲ್ಲಿ 2,000 ಇರುವುದಕ್ಕೂ, ಅದೇ ಹಣವನ್ನು ಬಡ್ಡಿಗೆ ತರುವುದಕ್ಕೂ ಇರುವ ವ್ಯತ್ಯಾಸವನ್ನು ಖುಷ್ಕಿ ಬೇಸಾಯಗಾರನಿಗೆ ವಿವರಿಸಬೇಕಾಗಿಲ್ಲ.

ನೀಲಗಿರಿ ಬೆಟ್ಟಗಳ ಮಳೆಮರೆಯಲ್ಲಿರುವ ಈ ಸೀಮೆಗೆ ಇದಕ್ಕಿಂತ ಮುಖ್ಯವಾದುದು ಬೆಳೆನಷ್ಟದ ಪರಿಹಾರ. 2022ರಿಂದ 2026ರವರೆಗಿನ ಅವಧಿಗೆ ಕೇಂದ್ರ ಸರ್ಕಾರವು ಗೊತ್ತುಮಾಡಿದ ದರದಂತೆ, ಶೇಕಡ 33ಕ್ಕೆ ಮೇಲ್ಪಟ್ಟು ಬೆಳೆ ಹಾಳಾದರೆ ಖುಷ್ಕಿಗೆ ಹೆಕ್ಟೇರಿಗೆ 8,500 ರೂಪಾಯಿ, ನೀರಾವರಿಗೆ 17,000, ಬಹುವಾರ್ಷಿಕ ಬೆಳೆಗೆ 22,500. ಎರಡು ಹೆಕ್ಟೇರಿಗೆ ಮೀರದಂತೆ. ಖುಷ್ಕಿಯ ದರವನ್ನು ಎಕರೆಗೆ ಇಳಿಸಿದರೆ ಸುಮಾರು 3,440 ರೂಪಾಯಿ, ಗುಂಟೆಗೆ 86 ರೂಪಾಯಿ. ಗುಂಟೆಯ ಲೆಕ್ಕವನ್ನು ಇಲ್ಲಿ ಹೇಳಿರುವುದಕ್ಕೆ ಕಾರಣವು ಮುಂದೆ ತಿಳಿಯುವುದು.

ಇವಲ್ಲದೆ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಬಿತ್ತನೆ ಬೀಜ, ಟಾರ್ಪಾಲು, ಔಷಧ ಸಿಂಪಡಿಸುವ ಯಂತ್ರ, ಹನಿ ನೀರಾವರಿ, ಕೃಷಿಹೊಂಡ ಇವಕ್ಕೆ ರಿಯಾಯಿತಿಯುಂಟು. ಸಿರಿಧಾನ್ಯ ಬೆಳೆಯುವವರಿಗೆ ಹೆಕ್ಟೇರಿಗೆ 10,000 ರೂಪಾಯಿಯ ಪ್ರೋತ್ಸಾಹಧನವು 2019-20ರಲ್ಲಿಯೂ, ಟ್ರ್ಯಾಕ್ಟರಿನ ಡೀಸೆಲ್ಲಿಗೆ ಎಕರೆಗೆ 250 ರೂಪಾಯಿಯಂತೆ ಐದು ಎಕರೆಯವರೆಗಿನ ನೆರವು 2022-23ರಲ್ಲಿಯೂ ಆರಂಭವಾದವು.

ಕಣ್ಣಿಗೆ ಕಾಣದ ಸಹಾಯಧನವೂ ಒಂದುಂಟು. 45 ಕಿಲೋಗ್ರಾಮಿನ ಯೂರಿಯಾ ಚೀಲಕ್ಕೆ ರೈತನು 2024ರಲ್ಲಿ ಕೊಟ್ಟುದು 266 ರೂಪಾಯಿ 50 ಪೈಸೆ. ಉಳಿದ ಬಹುಪಾಲನ್ನು ಸರ್ಕಾರವೇ ಕಾರ್ಖಾನೆಗೆ ಕೊಟ್ಟಿತು. ಹತ್ತು ಅಶ್ವಶಕ್ತಿಯೊಳಗಿನ ಪಂಪುಸೆಟ್ಟಿಗೆ 2008ರಿಂದ ವಿದ್ಯುತ್ತಿನ ದರವಿಲ್ಲ. ಕೊಳವೆಬಾವಿಯಿರುವ ಬಾಳೆಯ ತೋಟದವನಿಗೆ ವರ್ಷವೆಲ್ಲ ಸಲ್ಲುವ ಈ ನೆರವು ಮಳೆಯನ್ನೇ ನಂಬಿ ಹುರುಳಿ ಬಿತ್ತುವವನ ಹೊಲದ ಬದುವನ್ನು ದಾಟುವುದಿಲ್ಲ. ಅಂಥವನಿಗೆ ಬರತಕ್ಕುದು ಕಂತಿನ ಹಣ, ಪರಿಹಾರದ ಹಣ ಇವೆರಡೇ; ಇವೆರಡೂ ಪಹಣಿಯ ಹೆಸರನ್ನು ಹುಡುಕಿಕೊಂಡು ಬರುವ ಹಣಗಳು.

ಒಂದು ಮನೆಯನ್ನು ಊಹಿಸಿಕೊಳ್ಳಬಹುದು. ತೆರಕಣಾಂಬಿಯ ಹೋಬಳಿಯಲ್ಲಾಗಲಿ, ಹರವೆಯ ಹೋಬಳಿಯಲ್ಲಾಗಲಿ ಇಂಥ ಮನೆಗಳಿಗೆ ಕೊರತೆಯಿಲ್ಲ. ತಾತನ ಹೆಸರಿನಲ್ಲಿ ನಾಲ್ಕು ಎಕರೆ ಖುಷ್ಕಿ. ತಾತನೂ ಅಜ್ಜಿಯೂ ತೀರಿಕೊಂಡು ಇಪ್ಪತ್ತು ವರ್ಷಗಳಾಗಿವೆ. ಮೂವರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು. ಗಂಡುಮಕ್ಕಳು ಬಾಯಿಮಾತಿನಲ್ಲಿ ಹೊಲವನ್ನು ಮೂರು ಪಾಲು ಮಾಡಿಕೊಂಡು ಕಲ್ಲು ನೆಟ್ಟಿದ್ದಾರೆ. ನಡುವಣವನು ತೀರಿಹೋಗಿ ಅವನ ಹೆಂಡತಿಯು ಎರಡು ಮಕ್ಕಳನ್ನು ಕಟ್ಟಿಕೊಂಡು ಆ ಪಾಲನ್ನು ಉಳಿಸಿಕೊಂಡು ಬರುತ್ತಿದ್ದಾಳೆ. ಊರಿಗೆಲ್ಲ ಇದು ಗೊತ್ತು. ಪಹಣಿಗೆ ಗೊತ್ತಿಲ್ಲ, ಅಲ್ಲಿ ತಾತನೇ ಉಳುತ್ತಿದ್ದಾನೆ.

ಈ ಮನೆಗೆ 2019ರಿಂದ 2024ರವರೆಗಿನ ಐದು ವರ್ಷಗಳಲ್ಲಿ ಕಿಸಾನ್ ಸಮ್ಮಾನ್ ಹಣದಿಂದ ಎಷ್ಟು ನಷ್ಟವಾಯಿತೆಂದು ನೋಡಿದರೆ, ಕುಟುಂಬ ಒಂದಕ್ಕೆ 30,000 ರೂಪಾಯಿ, ಮೂರು ಕುಟುಂಬಗಳಿಗೆ 90,000. ಒಂದು ವರ್ಷ ಬರ ಬಿದ್ದು ಬೆಳೆ ಹೋದರೆ ನಾಲ್ಕು ಎಕರೆಯ ಪರಿಹಾರ 13,760 ರೂಪಾಯಿಯೂ ತಾತನ ಹೆಸರಿಗೇ ನಿಲ್ಲುವುದು. ಬೆಳೆಸಾಲವಿಲ್ಲ, ವಿಮೆಯಿಲ್ಲ, ಹನಿ ನೀರಾವರಿಯ ಅರ್ಜಿಗೂ ಅವಕಾಶವಿಲ್ಲ. ಅಣ್ಣತಮ್ಮಂದಿರು ಹೇಗೋ ಸಂಭಾಳಿಸಿಯಾರು. ಈ ನಷ್ಟವು ನಿಜವಾಗಿ ಬೀಳುವುದು ಆ ವಿಧವೆಯ ಮೇಲೆ. ಯಾತಕ್ಕೆಂದರೆ ಅವಳಿಗೆ ಕೈಸಾಲ ಕೊಡುವವರೂ ಇಲ್ಲ. ಹೊಲದ ಕಲ್ಲನ್ನು ಮೈದುನನು ಒಂದು ಗೇಣು ಒಳಕ್ಕೆ ಸರಿಸಿದರೆ ತೋರಿಸುವುದಕ್ಕೆ ಕಾಗದವೂ ಇಲ್ಲ.

ಸತ್ತವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಮಾಡಿಸಿಕೊಳ್ಳುವುದಕ್ಕೆ ಪೌತಿ ಖಾತೆ ಎನ್ನುತ್ತಾರೆ. ಮರಣಪತ್ರ, ವಂಶವೃಕ್ಷ, ಆಧಾರ್ ಇವುಗಳೊಡನೆ ನಾಡಕಚೇರಿಯಲ್ಲಿ ಅರ್ಜಿ ಕೊಡಬೇಕು. ಆಕ್ಷೇಪಣೆಗೆ ಕಾಲಾವಕಾಶವಿಟ್ಟು ಅನಂತರ ಹೆಸರು ಬದಲಾಯಿಸುತ್ತಾರೆ. ಮರಣವು ನೋಂದಣಿಯಾಗದೆ ಒಂದು ವರ್ಷ ಮೀರಿದ್ದರೆ ಮೇಲಧಿಕಾರಿಗಳ ಆಜ್ಞೆಯನ್ನು ಪಡೆದು ನೋಂದಣಿ ಮಾಡಿಸಬೇಕಾಗುತ್ತದೆ. ಹಳೆಯ ಮರಣಗಳಲ್ಲಿ ಇದೇ ಮೊದಲ ತೊಡಕು. ಇಷ್ಟು ಕೆಲಸಕ್ಕೆ ಇಪ್ಪತ್ತು ವರ್ಷ ಯಾಕೆ ಹಿಡಿಯಬೇಕೆಂದು ಕೇಳಿದರೆ, ಕಚೇರಿಗೆ ಅಲೆದಾಟ, ಖರ್ಚು, ತಿಳಿವಳಿಕೆ ಸಾಲದು ಎಂಬ ಉತ್ತರಗಳು ಬರುತ್ತವೆ. ಅವೆಲ್ಲ ನಿಜವೇ. ಆದರೆ ಜಗಲಿಯ ಮೇಲೆ ಕುಳಿತು ಮೆಲ್ಲಗೆ ವಿಚಾರಿಸಿದರೆ ಹೊರಬೀಳುವ ಕಾರಣವು ಬೇರೆ: ವಂಶವೃಕ್ಷದಲ್ಲಿ ಅಕ್ಕತಂಗಿಯರ ಹೆಸರನ್ನು ಬರೆಯಬೇಕಾಗುತ್ತದೆ.

ಕರ್ನಾಟಕದಲ್ಲಿ 1994ರ ತಿದ್ದುಪಡಿಯಿಂದಲೂ, ಇಡೀ ದೇಶದಲ್ಲಿ 2005ರ ತಿದ್ದುಪಡಿಯಿಂದಲೂ ಹಿಂದೂ ಕುಟುಂಬದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಸಿದ್ಧವಾಗಿದೆ. ಹೆಸರು ಬರೆದರೆ ಪಾಲು ಕೇಳಿಯಾರೆಂಬ ಅಂಜಿಕೆಯಿಂದ ಗಂಡುಮಕ್ಕಳು ಅರ್ಜಿಯನ್ನೇ ಕೊಡದೆ ತಾತನನ್ನು ಪಹಣಿಯಲ್ಲಿ ಜೀವಂತವಾಗಿ ಇಟ್ಟುಕೊಂಡಿದ್ದಾರೆ. ಇದರಲ್ಲಿ ಎರಡು ತಪ್ಪು ತಿಳಿವಳಿಕೆಗಳಿವೆ. ಒಂದನೆಯದು, ಹೆಸರನ್ನು ಬಿಟ್ಟರೆ ಹಕ್ಕು ಹೋಗುತ್ತದೆಂಬುದು. ಹೋಗುವುದಿಲ್ಲ, ಕೋರ್ಟಿನಲ್ಲಿ ಅದು ಎದ್ದುಬರುವುದು, ಆಗ ವಕೀಲರ ಖರ್ಚು ಬೇರೆ. ಎರಡನೆಯದು, ಪೌತಿ ಖಾತೆ ಮಾಡಿಸಿದರೆ ಕೂಡಲೆ ಹೊಲ ಹರಿದು ಪಾಲಾಗುತ್ತದೆಂಬುದು. ಹಾಗಿಲ್ಲ. ವಾರಸುದಾರರೆಲ್ಲರ ಹೆಸರಿನಲ್ಲಿ ಜಂಟಿ ಖಾತೆಯಾಗಬಹುದು. ಅದಕ್ಕೆ ಅಳತೆಯೂ ಬೇಡ, ನಕ್ಷೆಯೂ ಬೇಡ. ಬೇರೆಬೇರೆ ಪಹಣಿ ಬೇಕೆಂದು ವಿಭಾಗ ಮಾಡಿಕೊಳ್ಳುವಾಗ 11-ಇ ನಕ್ಷೆ ಬೇಕಾಗುತ್ತದೆ, ಅದು ಮುಂದಿನ ಮಾತು.

ಮೇಲ್ಕಂಡ ಮನೆಯಲ್ಲಿ ಐವರ ಹೆಸರೂ ಬಿದ್ದಿತೆನ್ನೋಣ. ತೀರಿಕೊಂಡ ಮಗನ ಸ್ಥಾನದಲ್ಲಿ ಅವನ ಹೆಂಡತಿ ಮಕ್ಕಳು. ನಾಲ್ಕು ಎಕರೆಗೆ 160 ಗುಂಟೆ. ಐದು ಪಾಲಾದರೆ ತಲಾ 32 ಗುಂಟೆ. ಬರದ ವರ್ಷದಲ್ಲಿ ಒಬ್ಬೊಬ್ಬರ ಪಾಲಿಗೆ 2,752 ರೂಪಾಯಿ. ಕಿಸಾನ್ ಸಮ್ಮಾನ್ ಹಣಕ್ಕೆ ಜಂಟಿ ಖಾತೆಯಲ್ಲಿರುವ ಪ್ರತಿಯೊಂದು ಅರ್ಹ ಕುಟುಂಬವೂ ಬೇರೆಬೇರೆಯಾಗಿ ಸೇರಬಹುದು, ಮತ್ತು ಪಾಲು ಸಣ್ಣದಾದ ಮಾತ್ರಕ್ಕೆ 6,000 ಕಡಮೆಯಾಗುವುದಿಲ್ಲ. ಈ ಯೋಜನೆಯಲ್ಲಿ ಒಂದು ಕಟ್ಟುಪಾಡುಂಟು: 2019ನೆಯ ಫೆಬ್ರವರಿ 1ನೆಯ ತಾರೀಖನ್ನು ಗೊತ್ತುಮಾಡಿ, ಅದಕ್ಕೆ ಮುಂಚೆ ಹೆಸರಿದ್ದವರಿಗೆ ಮಾತ್ರ ಎಂದು ವಿಧಿಸಿದ್ದಾರೆ. ಆದರೆ ಹಿಡುವಳಿದಾರನ ಮರಣದಿಂದ ವಾರಸುದಾರರಿಗೆ ಬಂದ ಹೆಸರಿಗೆ ಇದು ಅಡ್ಡಿಯಲ್ಲ. ಕ್ರಯಕ್ಕೆ ಕೊಂಡವನಿಗೆ ಮುಚ್ಚಿದ ಬಾಗಿಲು ವಾರಸುದಾರರಿಗೆ ತೆರೆದಿದೆ. ಅಕ್ಕತಂಗಿಯರನ್ನು ಸೇರಿಸಿಕೊಳ್ಳುವುದರಿಂದ ಅಣ್ಣತಮ್ಮಂದಿರಿಗೆ ಗುಂಟೆಯ ಲೆಕ್ಕದಲ್ಲಿ ಆಗುವ ಕಡಮೆಗಿಂತ, ಸೇರಿಸಿಕೊಳ್ಳದೆ ಕೂತದ್ದರಿಂದ ಆದ ನಷ್ಟವೇ ದೊಡ್ಡದೆಂಬುದು ಈ ಲೆಕ್ಕದಿಂದಲೇ ಕಾಣುತ್ತದೆ.

ಹೆಸರು ಬಿದ್ದ ಮೇಲೆಯೂ ಒಂದು ಸಣ್ಣ ಕಷ್ಟವುಂಟು. ಮಲೆಯ ಮಹದೇಶ್ವರನ ಒಕ್ಕಲಾದ ಈ ಸೀಮೆಯಲ್ಲಿ ಒಂದೊಂದು ಊರಿಗೆ ಎಷ್ಟೋ ಮಂದಿ ಮಾದಪ್ಪ, ಮಾದೇವಪ್ಪ, ಮಹದೇವಪ್ಪ, ಮಹದೇವಸ್ವಾಮಿಗಳು. ಒಬ್ಬನೇ ಮನುಷ್ಯನು ಪಹಣಿಯಲ್ಲಿ ಮಾದಪ್ಪ, ಆಧಾರ್‌ನಲ್ಲಿ ಮಹದೇವಪ್ಪ, ಬ್ಯಾಂಕಿನಲ್ಲಿ ಮಾದೇವ. ದೇವರಿಗೆ ಮೂರೂ ಒಂದೇ. ಗಣಕಯಂತ್ರಕ್ಕೆ ಮೂವರು ಬೇರೆ ಮನುಷ್ಯರು. ಮಗನಿಗೆ ಶಾಲೆಯಲ್ಲಿ ಬರೆಸಿದ ಹೆಸರನ್ನೇ ಪೌತಿ ಖಾತೆಯ ಅರ್ಜಿಯಲ್ಲಿಯೂ ಬರೆಸಿದರೆ ಮುಂದಿನ ಎಷ್ಟೋ ಅಲೆದಾಟ ತಪ್ಪುವುದು.

ಇನ್ನು ಫ್ರೂಟ್ಸ್ ಎಂಬ ನೋಂದಣಿಯ ವಿಷಯ. ರೈತನಿಗೆ ಒಂದು ಎಫ್‌ಐಡಿ ಸಂಖ್ಯೆ ಕೊಟ್ಟು, ಅವನ ಎಲ್ಲ ಸರ್ವೆ ನಂಬರುಗಳನ್ನೂ ಅದಕ್ಕೆ ಸೇರಿಸುತ್ತಾರೆ. ಅನೇಕರು ಕಿಸಾನ್ ಸಮ್ಮಾನ್ ಹಣಕ್ಕೆಂದು ಒಂದು ನಂಬರನ್ನು ಮಾತ್ರ ಸೇರಿಸಿ ಕೈಬಿಟ್ಟಿದ್ದಾರೆ. ಆ ಹಣಕ್ಕೆ ಅಷ್ಟೇ ಸಾಕು. ಬೆಳೆ ಪರಿಹಾರಕ್ಕೆ ಸಾಲದು. 2023ರಲ್ಲಿ ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಸಾರಿ, 2024ರ ಜನವರಿಯಲ್ಲಿ ರಾಜ್ಯ ಸರ್ಕಾರವು 2,000 ರೂಪಾಯಿಗಳವರೆಗಿನ ಮೊದಲ ಕಂತನ್ನೂ, ಏಪ್ರಿಲಿನಲ್ಲಿ ಕೇಂದ್ರವು 3,454 ಕೋಟಿ ರೂಪಾಯಿ ಬಿಡುಗಡೆ ಮಾಡಿದ ಮೇಲೆ ಉಳಿದುದನ್ನೂ ಕೊಟ್ಟಾಗ, ಹಣವನ್ನು ಲೆಕ್ಕಹಾಕಿದುದು ಎಫ್‌ಐಡಿಯಲ್ಲಿ ಸೇರಿದ್ದ ವಿಸ್ತೀರ್ಣಕ್ಕೆ. ಮೂರು ಎಕರೆಯಿದ್ದು ಒಂದೇ ಎಕರೆ ಸೇರಿಸಿದ್ದವನಿಗೆ ಒಂದು ಎಕರೆಯದು ಬಂದಿತು. ಹೊಲವೆಲ್ಲ ಒಣಗಿದ್ದರೂ ಕಾಗದದಲ್ಲಿ ಒಣಗಿದ್ದುದು ಒಂದೇ ಎಕರೆ.

ಬೆಳೆ ಸಮೀಕ್ಷೆಯಲ್ಲಿಯೂ ಹೀಗೆಯೇ. ಗುಂಡ್ಲುಪೇಟೆಯ ಕಡೆ ಏಪ್ರಿಲ್ ಮೇ ತಿಂಗಳಲ್ಲಿಯೇ ಸೂರ್ಯಕಾಂತಿ, ಜೋಳ, ಹತ್ತಿಗಳನ್ನು ಬಿತ್ತುವುದು ವಾಡಿಕೆ. ರಾಜ್ಯದ ಬಹುಭಾಗದಲ್ಲಿ ಮುಂಗಾರು ಬಿತ್ತನೆ ನಡೆಯುವಾಗ ಇಲ್ಲಿ ಸೂರ್ಯಕಾಂತಿ ಹೂಬಿಟ್ಟಿರುತ್ತದೆ. ಕಟಾವಾದ ಮೇಲೆ ಸಮೀಕ್ಷೆಯವನು ಬಂದರೆ ಪಾಳು ಎಂದು ಬರೆದುಕೊಂಡು ಹೋಗುವ ಸಂಭವವುಂಟು. 2020ರಿಂದ ರೈತನೇ ತನ್ನ ಮೊಬೈಲಿನಿಂದ ಹೊಲದ ಚಿತ್ರ ತೆಗೆದು ಬೆಳೆ ದಾಖಲಿಸುವ ಅನುಕೂಲವನ್ನೂ ಮಾಡಿದ್ದಾರೆ. 2016ರಲ್ಲಿ ಬಂದ ಬೆಳೆವಿಮೆಗೆ ಮುಂಗಾರಿನ ಆಹಾರಧಾನ್ಯ, ಎಣ್ಣೆಕಾಳುಗಳಲ್ಲಿ ರೈತನ ಕಂತು ವಿಮಾ ಮೊತ್ತದ ಶೇಕಡ 2 ಮಾತ್ರ; ಆದರೆ ವಿಮೆಯಲ್ಲಿ ಒಂದು ಬೆಳೆ, ಸಮೀಕ್ಷೆಯಲ್ಲಿ ಇನ್ನೊಂದು ಬೆಳೆ ಇದ್ದರೆ ಕಟ್ಟಿದ ಕಂತು ವ್ಯರ್ಥವಾಗುವುದು.

ಇಷ್ಟೆಲ್ಲ ಸರಿಪಡಿಸಿದರೂ ಸರಿಯಾಗದ ಒಂದು ಸಂಗತಿಯಿದೆ, ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ಹೊಲ ಒಬ್ಬನದು, ಉಳುಮೆ ಮತ್ತೊಬ್ಬನದು ಆಗಿರುವೆಡೆ ಈ ಹಣವು ಉಳುವವನಿಗೆ ಮುಟ್ಟುವುದಿಲ್ಲ. ಭೂಸುಧಾರಣೆಯ ಕಾಯಿದೆಗೆ 1974ರಲ್ಲಿ ಆದ ತಿದ್ದುಪಡಿಯಿಂದ, ಸೈನಿಕರೇ ಮೊದಲಾದವರನ್ನು ಬಿಟ್ಟು ಉಳಿದವರು ಜಮೀನನ್ನು ಗೇಣಿಗೆ ಕೊಡಕೂಡದೆಂದಾಯಿತು. ಆ ಕಾಯಿದೆಯಿಂದ ಎಷ್ಟೋ ಗೇಣಿದಾರರು ಒಡೆಯರಾದರು. ಆದರೆ ಗೇಣಿಯೇನೂ ನಿಲ್ಲಲಿಲ್ಲ, ಬಾಯಿಮಾತಿಗೆ ಇಳಿಯಿತು. ವಾರಕ್ಕೆ ಮಾಡುವವರು ಪ್ರತಿ ಊರಿನಲ್ಲಿಯೂ ಇದ್ದಾರೆ. ಗಡಿಯಾಚೆಯ ಕೇರಳದವರು ಶುಂಠಿಗೂ ಬಾಳೆಗೂ ಹೊಲಗಳನ್ನು ಗುತ್ತಿಗೆಗೆ ಹಿಡಿಯುವುದೂ ಎಲ್ಲರಿಗೂ ತಿಳಿದದ್ದೇ. ಹೊರಗಿನಿಂದ ಬಂಡವಾಳ ತಂದವನ ಮಾತು ಹಾಗಿರಲಿ. ಒಂದು ಜೊತೆ ಎತ್ತಿನಿಂದ ಎರಡು ಎಕರೆಯನ್ನು ವಾರಕ್ಕೆ ಮಾಡುವವನು ಬೀಜ ಗೊಬ್ಬರಗಳಿಗೆ ಸಾಲ ಮಾಡಿ, ಮಳೆ ಹೋಗಿ ಬೆಳೆ ಒಣಗಿದರೆ, ಪರಿಹಾರವು ಮೈಸೂರಿನಲ್ಲಿರುವ ಹೊಲದೊಡೆಯನ ಲೆಕ್ಕಕ್ಕೆ ಬೀಳುತ್ತದೆ. ಬಂಡೀಪುರದ ಅಂಚಿನ ಹಂಗಳದ ಕಡೆ ಆನೆ ನುಗ್ಗಿ ಬೆಳೆ ತುಳಿದಾಗಲೂ ರಾತ್ರಿಯೆಲ್ಲ ಅಟ್ಟಣೆಯಲ್ಲಿ ಕಾದವನು ಒಬ್ಬನು, ಅರಣ್ಯ ಇಲಾಖೆಯ ಹಣ ಪಡೆಯುವವನು ಬೇರೊಬ್ಬನು ಆಗುವುದುಂಟು.

ಈ ತೊಡಕು ಈ ನಾಡಿನದೊಂದೇ ಅಲ್ಲ. ಅಮೆರಿಕ ದೇಶದಲ್ಲಿ 1933ರಲ್ಲಿ ಹತ್ತಿಯ ಬೆಲೆ ಕುಸಿದಾಗ, ಬಿತ್ತನೆಯನ್ನು ಕಡಮೆಮಾಡುವವರಿಗೆ ಸರ್ಕಾರವು ಹಣ ಕೊಟ್ಟಿತು. ಹಣವು ಜಮೀನಿನ ಒಡೆಯರ ಕೈಗೆ ಹೋಯಿತು. ಅನೇಕರು ಪಾಲಿನ ಒಕ್ಕಲುಗಳಿಗೆ ಅವರ ಭಾಗವನ್ನು ಕೊಡದೆ, ಬಿತ್ತುವ ಕೆಲಸವಿಲ್ಲವೆಂದು ಅವರನ್ನೇ ಹೊಲದಿಂದ ಬಿಡಿಸಿದರು. ನೆರೆಯ ತೆಲಂಗಾಣದಲ್ಲಿ 2018ರಲ್ಲಿ ಎಕರೆಗೆ ಒಂದು ಬೆಳೆಗೆ 4,000 ರೂಪಾಯಿಯಂತೆ ಕೊಡಲು ತೊಡಗಿದಾಗಲೂ ಪಟ್ಟಾದಾರರಿಗೆ ದೊರೆಯಿತು, ಕೌಲುದಾರರಿಗೆ ದೊರೆಯಲಿಲ್ಲ. ಒಡಿಶಾದವರು ಮಾತ್ರ 2018ರ ಡಿಸೆಂಬರಿನಲ್ಲಿ ಪ್ರಕಟಿಸಿದ ಕಾಲಿಯಾ ಯೋಜನೆಯಲ್ಲಿ ಪಾಲಿಗೆ ಉಳುವವರನ್ನೂ ಭೂಮಿಯಿಲ್ಲದ ಕೂಲಿಗಾರರನ್ನೂ ಸೇರಿಸಿದರು. ಇದು ಅಸಾಧ್ಯವೆಂದು ಹೇಳುವವರಿಗೆ ಆ ಉದಾಹರಣೆ ಸಾಕು.

ಇಲ್ಲಿಯೂ ಹೆಸರಿನ ಹಂಗಿಲ್ಲದ ಒಂದು ಸಹಾಯಧನವಿದೆ. 2008ರಲ್ಲಿ ಲೀಟರು ಹಾಲಿಗೆ 2 ರೂಪಾಯಿಯಂತೆ ಆರಂಭವಾಗಿ 2013ರಲ್ಲಿ 4 ರೂಪಾಯಿಯಾಗಿ, ಅನಂತರವೂ ಹೆಚ್ಚಿದ ಪ್ರೋತ್ಸಾಹಧನವು ಡೈರಿಗೆ ಹಾಲು ಹಾಕಿದವರಿಗೆ ಸಲ್ಲುತ್ತದೆ, ಪಹಣಿಯನ್ನು ಕೇಳುವುದಿಲ್ಲ. ಮೇಲೆ ಹೇಳಿದ ಆ ಹೆಣ್ಣುಮಗಳು ಒಂದು ಹಸು ಕಟ್ಟಿ ಹಾಲು ಹಾಕಿದರೆ ಅವಳ ಹೆಸರಿಗೇ ಹಣ ಬರುವುದು, ತಾತನ ಹೆಸರಿಗಲ್ಲ.

ವಾರದ ಒಕ್ಕಲಿನ ವಿಷಯದಲ್ಲಿ ಕಾಯಿದೆ ತಿದ್ದುವುದು ಸರ್ಕಾರದ ಕೆಲಸ. ಅದು ಆಗುವವರೆಗೆ ಗ್ರಾಮದ ಯಜಮಾನರಿಂದ ಆಗತಕ್ಕುದು ಒಂದಿದೆ. ಬಿತ್ತನೆಗೆ ಮುಂಚೆ ವಾರದ ಮಾತನ್ನು ಆಡುವಾಗಲೇ, ಬೆಳೆ ಹೋಗಿ ಪರಿಹಾರ ಬಂದರೆ ಖರ್ಚು ಯಾರದೋ ಹಣ ಅವರದೆಂಬ ಮಾತನ್ನೂ ನಾಲ್ವರ ಮುಂದೆ ಆಡಿಸುವುದು. ಫಸಲಿನ ಪಾಲನ್ನು ಗೊತ್ತುಮಾಡುವವರಿಗೆ ನಷ್ಟದ ಪಾಲನ್ನು ಗೊತ್ತುಮಾಡುವುದು ಕಷ್ಟವಲ್ಲ. ಯಜಮಾನರ ಮಾತಿಗೆ ಕೋರ್ಟಿನ ಬಲವಿಲ್ಲವಾದರೂ ಊರಿನಲ್ಲಿ ತೂಕವಿದೆ.

ಪೌತಿ ಖಾತೆಯಲ್ಲಿ ಅವರ ಕೆಲಸವು ಇದಕ್ಕಿಂತ ಹೆಚ್ಚು. ಯಾವ ಮನೆಯ ಪಹಣಿ ಸತ್ತವರ ಹೆಸರಿನಲ್ಲಿದೆ ಎಂಬುದು ಊರಿನ ಯಜಮಾನರಿಗೆ ತಿಳಿದಿರುವಷ್ಟು ಗ್ರಾಮ ಆಡಳಿತಾಧಿಕಾರಿಗೆ ತಿಳಿಯದು. ಆತನು ಕೆಲವು ವರ್ಷಗಳಿಗೊಮ್ಮೆ ವರ್ಗವಾಗಿ ಹೋಗುವವನು. ವಂಶವೃಕ್ಷಕ್ಕೆ ಮಹಜರು ನಡೆಯುವಾಗ ಸಾಕ್ಷಿ ಹಾಕುವವರು ಊರಿನವರೇ. ಅಲ್ಲಿ ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರನ್ನೂ ತೀರಿಕೊಂಡವನ ಹೆಂಡತಿ ಮಕ್ಕಳ ಹೆಸರನ್ನೂ ಬಿಟ್ಟು ಬರೆಸಿದ ಕಾಗದಕ್ಕೆ ರುಜು ಹಾಕಕೂಡದು. ಹಬ್ಬಕ್ಕೂ ಜಾತ್ರೆಗೂ ತವರಿಗೆ ಬಂದಿರುವಾಗ ಅಕ್ಕತಂಗಿಯರನ್ನು ಕೂರಿಸಿಕೊಂಡು ಮಾತು ಮುಗಿಸಿದರೆ ಆಕ್ಷೇಪಣೆಯೇ ಬಾರದೆ ಕೆಲಸ ಸುಗಮವಾಗುವುದು. ಪಾಲು ಬೇಡವೆನ್ನುವವರಿದ್ದರೆ ಆ ಮಾತನ್ನು ನೋಂದಣಿಯಾದ ಹಕ್ಕು ಬಿಡುಗಡೆ ಪತ್ರದಿಂದ ಹೇಳಿಸಬೇಕೇ ಹೊರತು, ಹೆಸರು ನುಂಗಿ ಹೇಳಿಸಬಾರದು.

ಹೆಸರು ಬದಲಾದ ಮೇಲೆ ಹೊಸ ಪಹಣಿಯ ಪ್ರತಿ, ಆಧಾರ್, ಬ್ಯಾಂಕಿನ ಪಾಸ್‌ಪುಸ್ತಕ ಇವನ್ನು ತೆಗೆದುಕೊಂಡು ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ, ಎಫ್‌ಐಡಿಯಲ್ಲಿ ಪ್ರತಿಯೊಂದು ಸರ್ವೆ ನಂಬರೂ, ಜಂಟಿಯಾಗಿದ್ದರೆ ತಮ್ಮ ಪಾಲಿನ ಗುಂಟೆಗಳೂ ಸರಿಯಾಗಿ ಬಿದ್ದಿವೆಯೇ ಎಂದು ಓದಿಸಿಕೇಳಬೇಕು. ಓದುಬಾರದ ಹೆಂಗಸರು ಹೋಗುವಾಗ ಶಾಲೆಗೆ ಹೋಗುವ ಮಗನನ್ನೋ ಮಗಳನ್ನೋ ಜೊತೆಗೆ ಕರೆದೊಯ್ಯುವುದು ಒಳ್ಳೆಯದು. ಬಿತ್ತನೆಯ ದಿನಗಳಲ್ಲಿ ಕೇಂದ್ರದ ಮುಂದೆ ಬೀಜಕ್ಕೆ ಸಾಲು ನಿಂತಿರುವಾಗ ಈ ಕೆಲಸ ಆಗದು. ಶಿವರಾತ್ರಿ ಕಳೆದು ಯುಗಾದಿಯೊಳಗಾಗಿ ಮುಗಿಸಿಕೊಳ್ಳತಕ್ಕದ್ದು.